ಅಡಿಸಾಲಿನಲ್ಲಿ ಇಲ್ಲದ ಮಾತು

ದೇವಲಪೇಟೆಯ ಮಗ್ಗದ ಶೆಡ್ಡುಗಳಲ್ಲಿ ಕೆಲಸ ಮಾಡಿದವರಿಗೆಲ್ಲ ತುಟಿ ಓದುವುದು ಸ್ವಲ್ಪವಾದರೂ ಬರುತ್ತದೆ. ಹತ್ತು ವಿದ್ಯುತ್ ಮಗ್ಗಗಳು ಒಟ್ಟಿಗೆ ಓಡುವ ಕಡೆ ಕೂಗಿ ಪ್ರಯೋಜನವಿಲ್ಲ. ಅಲ್ಲಿನ ಹೆಂಗಸರು ದನಿ ಹೊರಡಿಸದೆ ಬಾಯಿಯನ್ನಷ್ಟೇ ಅಗಲವಾಗಿ ಆಡಿಸುತ್ತಾ, ಶೆಡ್ಡಿನ ಈ ತುದಿಯಿಂದ ಆ ತುದಿಗೆ ಅಡುಗೆಯ ವಿಷಯ, ಮದುವೆಯ ವಿಷಯ, ಮಾಲೀಕನ ಮೇಲಿನ ಬೈಗುಳ ಎಲ್ಲವನ್ನೂ ಮಾತಾಡಿಕೊಳ್ಳುತ್ತಾರೆ. ಎರಡನೇ ವರ್ಷದಲ್ಲಿ ಜ್ವರ ಬಂದು ಕಿವಿ ಕಳೆದುಕೊಂಡ ಅಂಬುಜಾಕ್ಷಿ ಬೆಳೆದದ್ದು ಇಂಥದೊಂದು ಶೆಡ್ಡಿನಲ್ಲಿ, ಮಗ್ಗ ಓಡಿಸುತ್ತಿದ್ದ ತಾಯಿಯ ಪಕ್ಕದಲ್ಲಿ. ಶಾಲೆಯಲ್ಲಿ ಅವಳನ್ನು ಮೂಗಿ ಎನ್ನುತ್ತಿದ್ದರು. ಶೆಡ್ಡಿನೊಳಗೆ ಮಾತ್ರ ಅವಳಷ್ಟು ಚೆನ್ನಾಗಿ ಕೇಳಿಸಿಕೊಳ್ಳುವವರು ಇನ್ನೊಬ್ಬರಿರಲಿಲ್ಲ.

ಈಗ ಅವಳಿಗೆ ನಲವತ್ತೊಂದು. ಅದೇ ಶೆಡ್ಡಿನಲ್ಲಿ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುವ ಕೆಲಸ. ತಂಗಿ ವನಮಾಲಾ ಗಂಡನನ್ನು ಬಿಟ್ಟು ಬಂದ ಮೇಲೆ ಇಬ್ಬರೂ ತಾಯಿಯ ಹಳೆಯ ಮನೆಯಲ್ಲಿ ಒಟ್ಟಿಗೆ ಇದ್ದರು.

ಕಾನೂನು ಬಂದು ಆರು ವರ್ಷವಾಗಿತ್ತು. ಆಸ್ಪತ್ರೆ, ಬಸ್ ನಿಲ್ದಾಣ, ತಾಲ್ಲೂಕು ಕಚೇರಿ, ನ್ಯಾಯಾಲಯ, ಹೀಗೆ ಸಾರ್ವಜನಿಕ ಕಟ್ಟಡದಲ್ಲಿ ಎಲ್ಲೇ ಟೀವಿ ಇರಲಿ, ಆಡಿದ ಮಾತೆಲ್ಲ ಪರದೆಯ ಕೆಳಗೆ ಅಕ್ಷರದಲ್ಲಿ ಬರಬೇಕು. ಕಿವುಡರ ಸಂಘಗಳು ವರ್ಷಗಟ್ಟಲೆ ಅರ್ಜಿ ಹಾಕಿ ಗೆದ್ದದ್ದು ಇಷ್ಟನ್ನು. ಇದರ ಜೊತೆಗೆ ಟೀವಿಯ ದನಿಯನ್ನು ಪೂರ್ತಿ ಆಫ್ ಮಾಡಬೇಕು ಎಂದು ಸೇರಿಸಿದ್ದು ಸರ್ಕಾರ, ಗದ್ದಲ ಕಡಿಮೆಯಾಗಲಿ ಎಂದು. ಹಾಗಾಗಿ ಆಸ್ಪತ್ರೆಯ ಹಾಲ್‌ನಲ್ಲಿ ಕೂತವರೆಲ್ಲ, ಕಿವಿ ಇದ್ದವರು ಕೂಡ, ಟೀವಿಯ ಮಟ್ಟಿಗೆ ಕಿವುಡರಾದರು.

ಜನ ಬೇಗ ಹೊಂದಿಕೊಂಡರು. ಕಪ್ಪು ಪಟ್ಟಿಯ ಮೇಲೆ ಸಾಗುವ ಹಳದಿ ಅಕ್ಷರಗಳಿಗೆ ಅವರೇ ಅಡಿಸಾಲು ಎಂದು ಹೆಸರಿಟ್ಟರು. ಬಸ್ಸಿಗೆ ಕಾಯುವ ಮಕ್ಕಳು ಅದನ್ನು ಕೂಡಿಸಿ ಓದುತ್ತಾ ಅಕ್ಷರ ಕಲಿತರು. ಓದಲು ಬಾರದವರು ಪಕ್ಕದವರ ಭುಜ ತಟ್ಟಿ, "ಏನ್ ಬರ್ದವ್ರೆ ನೋಡಪ್ಪಾ" ಎಂದು ಕೇಳುವುದು ರೂಢಿಯಾಯಿತು. ಅಂಬುಜಾಕ್ಷಿಯಂತೂ ಮೊದಲ ತಿಂಗಳು ಕೆಲಸ ಮುಗಿಸಿ ನೇರ ಬಸ್ ನಿಲ್ದಾಣಕ್ಕೆ ಹೋಗಿ ಒಂದು ಗಂಟೆ ಬೆಂಚಿನ ಮೇಲೆ ಕೂತು ಬರುತ್ತಿದ್ದಳು. ಮುಖ ತಿರುಗಿಸಿಕೊಂಡು ಮಾತಾಡುವವರು, ಮೀಸೆಯಲ್ಲಿ ತುಟಿ ಮುಚ್ಚಿಕೊಂಡವರು, ಚಿತ್ರದ ಹಿಂದಿನಿಂದ ಸುದ್ದಿ ಓದುವವರು, ಇವರೆಲ್ಲ ಅಷ್ಟು ವರ್ಷ ಅವಳ ಪಾಲಿಗೆ ಮೂಕರಾಗಿದ್ದರು. "ಈಗ ಎಲ್ರಿಗೂ ಬಾಯಿ ಬಂತು ಕಣೇ" ಎಂದು ತಂಗಿಗೆ ತುಟಿಯಲ್ಲಿ ಹೇಳಿ ನಕ್ಕಿದ್ದಳು.

ಅಡಿಸಾಲು ತಯಾರಾಗುತ್ತಿದ್ದ ಕೇಂದ್ರಗಳಲ್ಲಿ ಒಂದು ಅದೇ ಊರಿನಲ್ಲಿತ್ತು. ಹಳೆಯ ರೇಷ್ಮೆಗೂಡಿನ ಮಾರುಕಟ್ಟೆಯ ಮಹಡಿಯನ್ನು 'ಅಕ್ಷರವಾಹಿನಿ' ಎಂಬ ಕಂಪನಿ ಬಾಡಿಗೆಗೆ ಹಿಡಿದಿತ್ತು. ಕನ್ನಡದಲ್ಲಿ ಎಂ.ಎ. ಮಾಡಿದ್ದ ವನಮಾಲಾ ಅಲ್ಲಿ ತಿದ್ದುವ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಕೆಲಸ ಸರಳ. ವಾಹಿನಿಯಿಂದ ಬಂದ ಮಾತನ್ನು ಯಂತ್ರ ಕೇಳಿ ಅಕ್ಷರಕ್ಕೆ ಇಳಿಸುತ್ತದೆ. ಆರು ಸೆಕೆಂಡಿನ ಬಿಡುವಿನಲ್ಲಿ ತಿದ್ದುವವರು ಊರು, ಹೆಸರು, ಅಂಕಿಗಳ ತಪ್ಪು ಸರಿಮಾಡಿ ಗುಂಡಿ ಒತ್ತುತ್ತಾರೆ. ಸಾಲು ರಾಜ್ಯದ ನಾಲ್ಕು ಸಾವಿರ ಪರದೆಗಳಿಗೆ ಹೋಗುತ್ತದೆ. ವಾಹಿನಿಯವರೇ ಹಾಕುವ ಬರಹಗಳು ಆ ಕಪ್ಪು ಪಟ್ಟಿಯ ಕೆಳಗೆ ಮುಚ್ಚಿಹೋಗುತ್ತವೆ.

ಎರಡು ವರ್ಷದ ಹಿಂದೆ ಯಾವುದೋ ಆಸ್ಪತ್ರೆಯಲ್ಲಿ ಹೃದಯದ ರೋಗಿಯೊಬ್ಬ ಬಸ್ ಅಪಘಾತದ ಸಾಲು ಓದುತ್ತಾ ಕುಸಿದುಬಿದ್ದ. ಆ ಬಸ್ಸಿನಲ್ಲಿ ಅವನ ಮಗನಿದ್ದ. ಆಮೇಲೆ ಕಂಪನಿಯವರು ಗುಂಡಿ ಒತ್ತಿದ ನಂತರದ ದಾರಿಯಲ್ಲಿ ಇನ್ನೊಂದು ಪದರ ಸೇರಿಸಿದರು. ಅದಕ್ಕೆ 'ಸಾಂತ್ವನ' ಎಂದು ಹೆಸರು. ಆಸ್ಪತ್ರೆಗೆ ಹೋಗುವ ಸಾಲಿನಲ್ಲಿ ಒರಟು ಪದವಿದ್ದರೆ ಅದನ್ನು ಮೆದು ಮಾಡುವುದು ಅದರ ಕೆಲಸ. ಮೆದು ಪದಗಳ ಪಟ್ಟಿ ಬೇಕಾಗಿತ್ತು. ಮೇಲ್ವಿಚಾರಕ ರತ್ನಾಕರ್ ಅದನ್ನು ವನಮಾಲಾಗೆ ವಹಿಸಿದರು. ಅವಳು ಎರಡು ವಾರ ಇಷ್ಟಪಟ್ಟು ಕೂತು ಮುನ್ನೂರಕ್ಕೂ ಹೆಚ್ಚು ಜೋಡಿಗಳನ್ನು ಬರೆದಳು. 'ಅಪಘಾತ'ಕ್ಕೆ 'ಘಟನೆ'. 'ವಿಷ'ಕ್ಕೆ 'ಅಂಶ'. 'ಸತ್ತರು' ಎಂಬುದಕ್ಕೆ 'ಚಿರವಿಶ್ರಾಂತಿಗೆ ಸೇರಿದರು'. ಕಂಪನಿ ಅವಳಿಗೆ ಒಂದು ಗೋಡೆ ಗಡಿಯಾರ ಕೊಟ್ಟು ಫೋಟೊ ತೆಗೆಸಿತು.

ಪಟ್ಟಿ ಆರಂಭ ಮಾತ್ರ. ಕೆಲವೇ ತಿಂಗಳಲ್ಲಿ ಸಾಂತ್ವನ ಬಸ್ ನಿಲ್ದಾಣ, ಕಚೇರಿ, ನ್ಯಾಯಾಲಯಗಳ ಪರದೆಗಳಿಗೂ ಹೋಯಿತು. ಹಾಲ್‌ಗಳಲ್ಲಿದ್ದ ಕ್ಯಾಮೆರಾಗಳು ಅಡಿಸಾಲು ಓದಿದ ಜನ ಎಷ್ಟು ಬಾರಿ ಎದ್ದರು, ಕೌಂಟರಿಗೆ ಎಷ್ಟು ಜನ ನುಗ್ಗಿದರು, ಎಷ್ಟು ಜನ ಕೈ ಬೀಸಿ ಮಾತಾಡಿದರು ಎಂದು ಎಣಿಸಿ ಒಂದು ಅಂಕ ಕೊಡುತ್ತಿದ್ದವು. ಅದಕ್ಕೆ ನೆಮ್ಮದಿ ಅಂಕ ಎನ್ನುತ್ತಿದ್ದರು. ಯಾವ ಸಾಲಿಗೆ ಅಂಕ ಏರುತ್ತದೋ ಅಂಥದನ್ನೇ ಮತ್ತೆ ಮತ್ತೆ ಬರೆಯಲು ಸಾಂತ್ವನ ತಾನಾಗಿ ಕಲಿಯುತ್ತಿತ್ತು. ಅದು ಏನೇನು ಕಲಿತಿದೆ ಎಂದು ಯಾರೂ ತೆಗೆದು ನೋಡುತ್ತಿರಲಿಲ್ಲ. ಅಂಕ ಏರುತ್ತಿತ್ತು, ಅಷ್ಟು ಸಾಕಾಗಿತ್ತು.

ಮೊದಲು ಅನುಮಾನಪಟ್ಟವಳು ಅಂಬುಜಾಕ್ಷಿ. ರಕ್ತದೊತ್ತಡದ ಮಾತ್ರೆಗೆಂದು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗುತ್ತಿದ್ದಳು. ಒಂದು ಸಂಜೆ ಹುರುಳಿ ಆರಿಸುತ್ತಾ ಕೂತವಳು ಮೊರವನ್ನು ಪಕ್ಕಕ್ಕಿಟ್ಟು ತಂಗಿಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಆಸ್ಪತ್ರೆ ಟೀವೀಲಿ ಆ ಹುಡುಗಿ ಬಾಯಲ್ಲಿ 'ಸತ್ತರು' ಅಂದ್ಳು. ಅಡಿಸಾಲಲ್ಲಿ ಬೇರೆ ಏನೋ ಬಂತು."

"ಗೌರವಕ್ಕೆ ಹಂಗೆ ಹಾಕ್ತಾರೆ ಕಣಕ್ಕ," ಎಂದಳು ವನಮಾಲಾ.

"ಯಾರ ಗೌರವಕ್ಕೆ?"

"ಆಸ್ಪತ್ರೇಲಿ ರೋಗಿಗಳಿರ್ತಾರಲ್ಲ. ಗಾಬರಿಯಾಗಬಾರದು ಅಂತ."

"ನಮ್ಮನ್ನ ಕೇಳಿದ್ರಾ?" ಎಂದಳು ಅಂಬುಜಾಕ್ಷಿ. "ನಿಮ್ಗೆಲ್ಲ ಮನೇಲಿ ದನಿ ಇರುತ್ತೆ. ನಮಗಿರೋದು ಅದೊಂದೇ."

"ಯಂತ್ರ ಒಂದೊಂದ್ಸಲ ತಪ್ಪು ಮಾಡುತ್ತೆ ಅಕ್ಕ, ಬಿಡು," ಎಂದು ವನಮಾಲಾ ಒಲೆಯ ಕಡೆ ತಿರುಗಿದಳು. ಪಟ್ಟಿ ಬರೆದವಳು ತಾನೇ ಎಂದು ಅವಳು ಅಕ್ಕನಿಗೆ ಹೇಳಿರಲಿಲ್ಲ. ಗಡಿಯಾರ ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ಕೊಟ್ಟದ್ದು ಎಂದಷ್ಟೇ ಹೇಳಿದ್ದಳು.

ಅದಾಗಿ ಮೂರು ತಿಂಗಳಿಗೆ ಒಂದು ಮಂಗಳವಾರ. ಮಂಗಳವಾರ ಮಕ್ಕಳ ವೈದ್ಯರು ಬರುವ ದಿನ. ಹಾಲ್‌ನಲ್ಲಿ ಡೆಟಾಲು, ಮೂತ್ರ, ಹುಳಿ ಹಾಲಿನ ವಾಸನೆ. ಕೆಮ್ಮುವ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ತಾಯಂದಿರು ಬೆಂಚುಗಳಲ್ಲಿ, ನೆಲದಲ್ಲಿ ಕೂತಿದ್ದರು. ಔಷಧಿ ಕೌಂಟರಿನಲ್ಲಿ ಕೆಮ್ಮಿನ ಸಿರಪ್ಪಿನ ಬಾಟಲಿಗಳನ್ನು ಕೊಡುತ್ತಿದ್ದರು. ಹಸಿರು ಮುಚ್ಚಳದ ಬಾಟಲಿ.

ಅಂಬುಜಾಕ್ಷಿ ತನ್ನ ಸರದಿಗೆ ಕಾಯುತ್ತಾ ಟೀವಿ ನೋಡುತ್ತಿದ್ದಳು. ಹನ್ನೊಂದು ಗಂಟೆ ದಾಟಿತ್ತು. ಆರೋಗ್ಯ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರು ಮೈಕುಗಳ ಮುಂದೆ ಬಂದು ಕೂತರು. ಮೀಸೆ ಬೋಳಿಸಿದ ಮುಖ, ನಿಧಾನ ಮಾತು. ಅವರ ಕೈಯಲ್ಲಿ ಹಸಿರು ಮುಚ್ಚಳದ ಅದೇ ಬಾಟಲಿ. ತುಟಿ ಓದುವುದೆಂದರೆ ಎಲ್ಲ ಪದವೂ ಸಿಗುವುದಿಲ್ಲ. ಅರ್ಧ ಸಿಗುತ್ತದೆ, ಉಳಿದದ್ದನ್ನು ಊಹಿಸಬೇಕು. ಆದರೆ ಈ ಮನುಷ್ಯ ಒಂದೇ ಮಾತನ್ನು ಮೂರು ಸಲ ಹೇಳಿದರು. ಮೂರು ಸಲವೂ ಅವರ ತುಟಿಗಳು 'ಬ'ಕಾರಕ್ಕೆ ಮುಚ್ಚಿ ತೆರೆದವು. ಕೊಡಬೇಡಿ. ಕೊಡಬೇಡಿ. ಒಂದು ಹನಿಯೂ ಕೊಡಬೇಡಿ.

ಅವಳು ಅಡಿಸಾಲಿಗೆ ಕಾದಳು. ಆರು ಸೆಕೆಂಡಿನ ನಂತರ ಅದು ಬಂತು.

'ಹಸಿರು ಮುಚ್ಚಳದ ಈ ಬಾಟಲಿ ನಿಮ್ಮ ಕೈಯಲ್ಲಿದ್ದರೆ ಮಕ್ಕಳಿಗೆ ಗಮನವಿಟ್ಟು ಕೊಡಿ.'

ಹಾಲ್ ಸುಮ್ಮನೆ ಕೂತಿತ್ತು. ಯಾರೂ ತಲೆ ಎತ್ತಲಿಲ್ಲ.

ಅಂಬುಜಾಕ್ಷಿ ಎದ್ದು ಎದುರು ಬೆಂಚಿನ ಹೆಂಗಸಿನ ಕೈಯಿಂದ ಬಾಟಲಿ ಕಿತ್ತುಕೊಂಡಳು. ಅವಳ ಗಂಟಲಿನಿಂದ ಹೊರಟ 'ಬ್ಯಾಡ' ಎಂಬ ಮಾತು ಬೇರೆಯವರಿಗೆ ಬರಿಯ ಅರಚಾಟವಾಗಿ ಕೇಳಿಸಿತು. ಪಕ್ಕದವಳ ಬಾಟಲಿಯನ್ನೂ ಕಿತ್ತಳು. ಮೂರನೆಯವಳು ಇಪ್ಪತ್ತೆರಡು ಇಪ್ಪತ್ತಮೂರರ ಒಬ್ಬ ಹೆಂಗಸು, ಕಾಲಿಗೆಲ್ಲ ಕಲ್ಲಿನ ಬಿಳಿ ಧೂಳು ಮೆತ್ತಿಕೊಂಡಿದ್ದವಳು. ಹೆಸರು ಗಂಗಲಕ್ಷ್ಮಿ. ಎರಡು ವರ್ಷದ ಮಗಳನ್ನು ಸೊಂಟದ ಮೇಲಿಟ್ಟುಕೊಂಡೇ ಅವಳು ಬಾಟಲಿಯನ್ನು ಎಳೆದು ವಾಪಸ್ ಕಿತ್ತುಕೊಂಡಳು. ಅಂಬುಜಾಕ್ಷಿ ಟೀವಿಯತ್ತ ಬೆರಳು ಮಾಡಿ, ಬಾಟಲಿಯತ್ತ ಬೆರಳು ಮಾಡಿ, ಎರಡೂ ಕೈ ಅಡ್ಡಡ್ಡ ಆಡಿಸಿದಳು.

ಗಂಗಲಕ್ಷ್ಮಿ ಪಕ್ಕದಲ್ಲಿದ್ದ ಕನ್ನಡಕದ ಯಜಮಾನರನ್ನು ಕೇಳಿದಳು. "ಅಣ್ಣೋ, ಟೀವೀಲಿ ಏನ್ ಬರ್ದವ್ರೆ? ಈ ಯಮ್ಮ ಯಾಕ್ ಹಿಂಗಾಡ್ತಾವ್ಳೆ?"

ಯಜಮಾನರು ಕನ್ನಡಕ ಸರಿಮಾಡಿಕೊಂಡು ಓದಿದರು. "ಗಮನವಿಟ್ಟು ಕೊಡಿ ಅಂತೈತಮ್ಮ. ಅವ್ಳಿಗೆ ತಲೆ ಸರಿಯಿಲ್ಲ ಅಂತ ಕಾಣ್ತದೆ, ನೀನು ಮಗೂನ ಎತ್ಕೊಂಡು ಹೊರಡು."

ಅಷ್ಟರಲ್ಲಿ ಯಾವನೋ ಒಬ್ಬ ತಂದೆ ಅಂಬುಜಾಕ್ಷಿಯ ಕೆನ್ನೆಗೆ ಬಾರಿಸಿದ. ಕಾವಲುಗಾರ ಅವಳ ತೋಳು ಹಿಡಿದು ಎಳೆದುಕೊಂಡು ಹೋಗಿ ಸ್ಟ್ರೆಚರ್ ಇಡುವ ಕೋಣೆಯಲ್ಲಿ ಕೂಡಿಹಾಕಿದ. ಅವಳ ಚೀಲದಲ್ಲಿದ್ದ ಚೀಟಿ ನೋಡಿ ವನಮಾಲಾಗೆ ಫೋನ್ ಮಾಡಿದ.

ವನಮಾಲಾ ಬಂದಾಗ ಅಕ್ಕ ಒಂದು ಹಳೆಯ ಸ್ಟ್ರೆಚರ್ ಮೇಲೆ ಕೂತಿದ್ದಳು. ರವಿಕೆಯ ತೋಳು ಹರಿದಿತ್ತು, ಕೆನ್ನೆ ಊದಿತ್ತು. ಅಳುತ್ತಿರಲಿಲ್ಲ. ತಂಗಿಯನ್ನು ಕಂಡವಳೇ ತುಟಿಯನ್ನು ಅಗಲವಾಗಿ ಆಡಿಸಿ ಹೇಳಿದಳು: "ಅವನು ಕೊಡಬೇಡಿ ಅಂದ. ನೀವು ಕೊಡಿ ಅಂತ ಬರೆದ್ರಿ."

ಆ ಸಾಲು ತಿದ್ದಿದ್ದು ವನಮಾಲಾಳೇ. ಅರ್ಧ ಗಂಟೆಯ ಹಿಂದೆ ಅವಳ ಪರದೆಗೆ ಬಂದಾಗ ಅದು ಸರಿಯಾಗಿಯೇ ಇತ್ತು: ಈ ಔಷಧಿಯಲ್ಲಿ ವಿಷ ಪತ್ತೆಯಾಗಿದೆ, ಒಂದು ಹನಿಯೂ ಕೊಡಬೇಡಿ, ಪಕ್ಕದ ಜಿಲ್ಲೆಯಲ್ಲಿ ನಾಲ್ಕು ಮಕ್ಕಳು ಸತ್ತಿದ್ದಾರೆ. ಅಧಿಕಾರಿಯ ಹೆಸರು ಡಾ. ಮರುಳಪ್ಪ. ಯಂತ್ರ 'ಮರಳಪ್ಪ' ಎಂದು ಬರೆದಿತ್ತು. ಅವಳು ಆ ಒಂದು ಕೊಂಬನ್ನು ಹಾಕಿ, ಪಾಪ ಮಕ್ಕಳು ಎಂದುಕೊಂಡು, ಗುಂಡಿ ಒತ್ತಿ ಮುಂದಿನ ಸಾಲಿಗೆ ಹೋಗಿದ್ದಳು.

ಅವಳು ಕೌಂಟರಿಗೆ ಓಡಿ ಕೂಗಾಡಿದಳು. ಔಷಧಿ ಕೊಡುವವನು ಮೊದಲು ನಂಬಲಿಲ್ಲ. ಅವಳು ಫೋನಿನಲ್ಲಿ ದನಿ ಸಹಿತ ಸುದ್ದಿ ಹಾಕಿ ತೋರಿಸಿದ ಮೇಲೆ ಅವನು ಬಾಟಲಿ ಕೊಡುವುದನ್ನು ನಿಲ್ಲಿಸಿದ. ಇಲಾಖೆಯ ಆದೇಶ ಅವನ ಕೈಸೇರಿದ್ದು ಮಧ್ಯಾಹ್ನ ಎರಡೂವರೆಗೆ. ಅವನು ನಿಲ್ಲಿಸುವಷ್ಟರಲ್ಲೇ ಇಪ್ಪತ್ತೆರಡು ಬಾಟಲಿಗಳು ಹೊರಗೆ ಹೋಗಿದ್ದವು.

ಅಲ್ಲಿಂದ ಅವಳು ಕೇಂದ್ರಕ್ಕೆ ಹೋಗಿ ದಾಖಲೆ ತೆಗೆದಳು. ದಾಖಲೆಯಲ್ಲಿ ಎರಡು ಕಾಲಮ್ಮುಗಳಿರುತ್ತವೆ, ಕೇಳಿದ್ದು ಮತ್ತು ತೋರಿಸಿದ್ದು. ನಾಲ್ಕು ವರ್ಷದಲ್ಲಿ ಎರಡನೆಯದನ್ನು ಅವಳು ತೆರೆದು ನೋಡಿದ್ದು ಅದೇ ಮೊದಲು. 'ನಾಲ್ಕು ಮಕ್ಕಳು ಸತ್ತಿದ್ದಾರೆ' ಎಂಬುದರ ಎದುರಿಗೆ 'ನಾಲ್ಕು ಮಕ್ಕಳು ವಿಶ್ರಾಂತಿಯಲ್ಲಿದ್ದಾರೆ' ಎಂದಿತ್ತು. ಅವಳೇ ಬರೆದ 'ಚಿರವಿಶ್ರಾಂತಿ'ಯಲ್ಲಿ 'ಚಿರ' ಎಂಬುದನ್ನು ಓದಿದಾಗ ಜನ ಸ್ವಲ್ಪ ಕದಲುತ್ತಾರೆಂದು ಸಾಂತ್ವನ ಅದನ್ನು ಯಾವಾಗಲೋ ಕತ್ತರಿಸಿ ಎಸೆದಿತ್ತು. 'ಬೇಡಿ' ಎಂದು ಮುಗಿಯುವ ಮಾತಿಗೆ ಜನ ಎದ್ದು ಕೌಂಟರಿಗೆ ಹೋಗುತ್ತಾರೆಂದು ಅದನ್ನೂ ಕತ್ತರಿಸಿತ್ತು. ಅವಳು ಹಿಂದಿನ ದಿನಗಳ ಸಾಲುಗಳನ್ನೂ ತೆರೆದಳು. ನೀರು ಕುಡಿಯಬೇಡಿ ಎಂದದ್ದು ಕುಡಿಯಿರಿ ಎಂದಾಗಿತ್ತು. ಲಸಿಕೆ ಮುಗಿದಿದೆ ಎಂದದ್ದು ಲಸಿಕೆ ಇದೆ ಎಂದಾಗಿತ್ತು. ಪುಟದ ಮೇಲೆ ಪುಟ, ಎಲ್ಲವೂ ಅವಳದೇ ನಯವಾದ ಕನ್ನಡದಲ್ಲಿ. ಕೊಳೆತ ಹಣ್ಣಿಗೆ ಕೈ ಹಾಕಿದವಳಂತೆ ಅವಳು ಕೈಯನ್ನು ಸೀರೆಗೆ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು. ಆಮೇಲೆ ಫೋನು ತೆಗೆದು ಒಂದೊಂದೇ ಪುಟದ ಚಿತ್ರ ಹಿಡಿದಳು.

ರತ್ನಾಕರ್ ಕೋಣೆಯಲ್ಲಿದ್ದರು. ಎಂದೂ ದನಿ ಏರಿಸದ ಮನುಷ್ಯ. ಮೇಜಿನ ಮೇಲೆ ಸ್ಯಾನಿಟೈಸರ್ ಇಟ್ಟುಕೊಂಡು ಗಂಟೆಗೊಮ್ಮೆ ಕೈ ಉಜ್ಜಿಕೊಳ್ಳುತ್ತಿದ್ದರು.

"ಸಾರ್, ಈಗ್ಲೇ ತಿದ್ದುಪಡಿ ಹಾಕ್ಬೇಕು. ಎಲ್ಲ ಆಸ್ಪತ್ರೆಗೂ."

ಅವರು ಪೂರ್ತಿ ಕೇಳಿಸಿಕೊಂಡರು. "ಬೆಂಗಳೂರಿಂದ ಒಪ್ಪಿಗೆ ಬರ್ಬೇಕಮ್ಮ. ನಾನು ಬರೀತೀನಿ. ಇಷ್ಟೊತ್ತಿಗೆ ಎಲ್ಲರ ಫೋನಿಗೂ ಸುದ್ದಿ ಹೋಗಿರುತ್ತೆ, ನೀವು ಇಷ್ಟು ಟೆನ್ಷನ್ ತಗೋಬೇಡಿ." ಸ್ಯಾನಿಟೈಸರನ್ನು ಅವಳ ಕಡೆ ಸರಿಸಿದರು, ನೀರಿನ ಲೋಟ ಸರಿಸುವಂತೆ. ಆ ಸಿಹಿ ವಾಸನೆ ಅವಳ ಮೂಗಿಗೆ ಹತ್ತಿತು.

ಒಪ್ಪಿಗೆ ಬರಲಿಲ್ಲ. ಆಮೇಲಿನ ಎರಡು ದಿನ ಅಕ್ಕತಂಗಿಯರಿಬ್ಬರೂ ಆಸ್ಪತ್ರೆಯ ಪುಸ್ತಕದಿಂದ ಹೆಸರು ಬರೆದುಕೊಂಡು ಮನೆ ಮನೆ ಹುಡುಕಿದರು. ಔಷಧಿ ಕೊಡುವವನೂ ತನ್ನ ಬೈಕಿನಲ್ಲಿ ಸುತ್ತಿದ. ಬಹಳ ಜನಕ್ಕೆ ಅಷ್ಟರಲ್ಲೇ ಫೋನಿನಲ್ಲಿ ವಿಷಯ ತಿಳಿದಿತ್ತು. ಕೆಲವರು ಒಂದೆರಡು ಸಲ ಕೊಟ್ಟು ನಿಲ್ಲಿಸಿದ್ದರು. ಗುರುವಾರ ಸಂಜೆಯ ಹೊತ್ತಿಗೆ ಇಪ್ಪತ್ತೊಂದು ಬಾಟಲಿ ವಾಪಸ್ ಬಂದಿದ್ದವು. ಉಳಿದದ್ದು ಒಂದು. ಪುಸ್ತಕದಲ್ಲಿ 'ಭವ್ಯ, 2 ವರ್ಷ, ತಾಯಿ ಗಂಗಲಕ್ಷ್ಮಿ, ಕ್ವಾರಿ' ಎಂದಷ್ಟೇ ಇತ್ತು. ಕೊಟ್ಟಿದ್ದ ನಂಬರು ಸ್ವಿಚ್ ಆಫ್. ಆ ಸುತ್ತಿನಲ್ಲಿ ಹನ್ನೊಂದು ಕಲ್ಲಿನ ಕ್ವಾರಿಗಳಿವೆ.

ಶುಕ್ರವಾರ ಮಧ್ಯಾಹ್ನ ಒಂಬತ್ತನೆಯದರಲ್ಲಿ ಸಿಕ್ಕಳು. ತಗಡಿನ ಗುಡಿಸಲುಗಳ ಸಾಲಿನ ಕೊನೆಯಲ್ಲಿ, ಸೀರೆಯ ತೊಟ್ಟಿಲಿನ ಪಕ್ಕ ಕೂತಿದ್ದಳು. ಅಂಬುಜಾಕ್ಷಿಯನ್ನು ಕಂಡ ಕೂಡಲೇ ಎದ್ದು ಕೋಲು ಹುಡುಕಿದಳು.

"ಇಲ್ಲಿಗೂ ಬಂದ್ಯಾ? ಏನ್ ಬೇಕು ನಿಂಗೆ?"

"ಅವ್ವಾ, ಆ ಔಷಧಿ ಕೊಡ್ತಾ ಇದೀಯಾ?" ಎಂದು ವನಮಾಲಾ ಕೇಳಿದಳು.

"ಊ. ದಿನಕ್ ಮೂರ್ ಸಲ. ಗಮನ ಇಟ್ಟು ಕೊಡ್ತಾ ಇವ್ನಿ, ಒಂದ್ ಹೊತ್ತೂ ತಪ್ಸಿಲ್ಲ. ಕೆಮ್ಮು ನಿಂತದೆ. ನಿನ್ನೆಯಿಂದ ಚೆನ್ನಾಗ್ ಮಲಗ್ತಾವ್ಳೆ."

ಮಗುವಿನ ಮುಖ ಊದಿತ್ತು. ನಿನ್ನೆ ಬೆಳಗಿನಿಂದ ಉಚ್ಚೆ ಹೊಯ್ದಿಲ್ಲ ಎಂದು ತಾಯಿ ಹೇಳಿದಳು, ಬಟ್ಟೆ ಒಗೆಯುವ ಕೆಲಸ ಉಳಿಯಿತು ಎನ್ನುವಷ್ಟು ಸಹಜವಾಗಿ. ವನಮಾಲಾ ಏನೂ ವಿವರಿಸಲಿಲ್ಲ. ಮಗುವನ್ನು ಎತ್ತಿಕೊಂಡಳು. ಕ್ವಾರಿಯ ಜೀಪಿನಲ್ಲಿ ನಾಲ್ವರೂ ನಗರದ ದೊಡ್ಡ ಆಸ್ಪತ್ರೆಗೆ ಹೋದರು. ಮಗುವಿನ ಮೂತ್ರಪಿಂಡಗಳು ನಿಂತುಹೋಗಿದ್ದವು. ಭಾನುವಾರ ಬೆಳಿಗ್ಗೆ ಭವ್ಯ ಸತ್ತಳು.

ಸೋಮವಾರ ವನಮಾಲಾ ಎಂದಿನಂತೆ ಕೆಲಸಕ್ಕೆ ಹೋದಳು. ಬೇರೆ ಎಲ್ಲಿಗೆ ಹೋಗಬೇಕೆಂದು ಅವಳಿಗೆ ತಿಳಿಯಲಿಲ್ಲ. ರತ್ನಾಕರ್ ಕರೆದು ವಾರದ ವರದಿ ತೋರಿಸಿದರು. ದೇವಲಪೇಟೆಯ ಆಸ್ಪತ್ರೆಗೆ ಆ ಮಂಗಳವಾರ ತೊಂಬತ್ತೊಂದು ನೆಮ್ಮದಿ ಅಂಕ ಬಂದಿತ್ತು. ಹನ್ನೊಂದೂ ಹದಿನಾಲ್ಕಕ್ಕೆ ಒಂದೇ ಒಂದು ಕೆಂಪು ಚುಕ್ಕೆ. ಅದರ ಕೆಳಗೆ ಸಣ್ಣಕ್ಷರದಲ್ಲಿ 'ಅಸ್ವಸ್ಥ ಮಹಿಳೆಯೊಬ್ಬರಿಂದ ಗೊಂದಲ' ಎಂದಿತ್ತು.

"ಆ ಗೊಂದಲ ಇಲ್ದಿದ್ರೆ ತೊಂಬತ್ತಾರು ಬರ್ತಿತ್ತು," ಎಂದರು ರತ್ನಾಕರ್. ಬೇಸರದಿಂದಲೇ ಹೇಳಿದರು.

"ಆ ಮಗು ಸತ್ತೋಯ್ತು ಸಾರ್."

"ಗೊತ್ತಮ್ಮ. ನಂಗೂ ಮಕ್ಕಳಿದ್ದಾರೆ." ಅವರು ಕೈಗೆ ಎರಡು ಹನಿ ಸ್ಯಾನಿಟೈಸರ್ ಹಾಕಿಕೊಂಡು ಬೆರಳ ಸಂದಿಯನ್ನೆಲ್ಲ ಉಜ್ಜಿದರು. "ಕೇಳಿದ್ದು ಅನ್ನೋ ಕಾಲಮ್ಮನ್ನ ತಿಂಗಳಾದ ಮೇಲೆ ಅಳಿಸ್ತೀವಲ್ಲ, ಈ ಸಲ ಸ್ವಲ್ಪ ಮುಂಚೆ ಅಳಿಸೋಣ ಅಂತ ಮೇಲಿನಿಂದ ಹೇಳಿದ್ದಾರೆ. ನೀವೊಂದು ಸಹಿ ಹಾಕಿದ್ರೆ ಸಾಕು. ನಿಮಗೂ ಒಳ್ಳೇದು. ಪಟ್ಟಿ ನಿಮ್ಮದೇ ಅಲ್ವಾ."

ಅವಳು ಸಹಿ ಹಾಕದೆ ಎದ್ದುಬಂದು ತನ್ನ ಜಾಗದಲ್ಲಿ ಕೂತಳು. ಬೆಳಗಿನ ವಾರ್ತೆ ನಡೆಯುತ್ತಿತ್ತು. ಅವಳ ಪರದೆಗೆ ಒಂದು ಸಾಲು ಬಂತು: 'ಕಲುಷಿತ ಔಷಧಿ ಸೇವಿಸಿದ್ದ ದೇವಲಪೇಟೆಯ ಎರಡು ವರ್ಷದ ಭವ್ಯ ಸತ್ತಿದ್ದಾಳೆ.' ಅವಳು ಗುಂಡಿ ಒತ್ತಿ, ಈ ಸಲ ಆಸ್ಪತ್ರೆಗಳಲ್ಲಿ ತೋರಿಸಿದ್ದನ್ನು ತೆರೆದಳು. 'ಔಷಧಿ ಸೇವಿಸಿದ ಭವ್ಯ ವಿಶ್ರಾಂತಿಯಲ್ಲಿದ್ದಾಳೆ.'

ಅವಳು ಕೀಲಿಮಣೆಗೆ ಕೈ ಹಾಕಿದಳು. 'ಭವ್ಯ ತೀರಿಕೊಂಡಳು' ಎಂದು ಕಳಿಸಿದಳು. ವಿಶ್ರಾಂತಿ ಎಂದಾಯಿತು. 'ಭವ್ಯಳನ್ನು ಹೂಳಲಾಗಿದೆ' ಎಂದಳು. ವಿಶ್ರಾಂತಿ. ಸಾಂತ್ವನ ಎಷ್ಟೊಂದು ಕಲಿತಿತ್ತು! ಕೊನೆಗೆ ಅಕ್ಷರಗಳ ನಡುವೆ ಜಾಗ ಬಿಟ್ಟು ಬರೆದಳು: 'ಭವ್ಯ ಸ ತ್ತ ಳು.' ಯಂತ್ರಕ್ಕೆ ಅದು ಪದವೆಂದು ಗೊತ್ತಾಗಲಿಲ್ಲ. ಹಾಗೆಯೇ ಬಿಟ್ಟುಬಿಟ್ಟಿತು.

ಅವಳು ಬರೆಯುತ್ತಾ ಹೋದಳು. ಹ ಸಿ ರು ಮು ಚ್ಚ ಳ. ವಿ ಷ. ಕೊ ಡ ಬೇ ಡಿ. ಈ ಅ ಡಿ ಸಾ ಲ ನ್ನು ನಂ ಬ ಬೇ ಡಿ. ನಾಲ್ಕು ಸಾವಿರ ಪರದೆಗಳ ಕೆಳಗೆ ಹಳದಿ ಅಕ್ಷರಗಳು ಬಿಡಿ ಬಿಡಿಯಾಗಿ ಸಾಗಿದವು. ಬಸ್ ನಿಲ್ದಾಣಗಳಲ್ಲಿ ಮಕ್ಕಳು ಅದನ್ನು ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದರಂತೆ. ಏಳು ನಿಮಿಷದ ಮೇಲೆ ರತ್ನಾಕರ್ ಬಂದು ಅವಳ ಪರದೆಯ ವೈರು ಕಿತ್ತರು. ಆಗಲೂ ಅವರ ದನಿ ಏರಲಿಲ್ಲ.

"ಏನ್ ಮಾಡಿದ್ರಿ ನೋಡಿ," ಎಂದರು. "ಎಲ್ಲ ಕಡೆ ಜನ ಎದ್ದು ನಿಂತಿದ್ದಾರೆ."

ಅವಳು ಚೀಲ ತೆಗೆದುಕೊಂಡು ಇಳಿದು ನೇರ ಕಿವುಡರ ಸಂಘದ ಕಚೇರಿಗೆ ಹೋದಳು. ಫೋನಿನಲ್ಲಿ ಹಿಡಿದಿದ್ದ ಪುಟಗಳನ್ನೆಲ್ಲ ಕೊಟ್ಟಳು. ಪಟ್ಟಿ ತನ್ನದು ಎಂಬುದನ್ನೂ ಬರೆದು ಸಹಿ ಹಾಕಿದಳು. ಆ ಸಂಜೆ ಅದೇ ಮಾತನ್ನು ಅಕ್ಕನ ಎದುರು ಕೂತು, ಮುಖ ತಿರುಗಿಸದೆ, ನಿಧಾನವಾಗಿ ಹೇಳಿದಳು. ಅಂಬುಜಾಕ್ಷಿ ಎದ್ದು ಒಳಗೆ ಹೋದಳು. ಎಂಟು ದಿನ ಅವಳು ತಂಗಿಯ ತುಟಿಯ ಕಡೆ ನೋಡಲಿಲ್ಲ. ಬರೆದು ಕೊಟ್ಟರೂ ಓದಲಿಲ್ಲ, ಅವಳ ಜೊತೆ ಮಾತಾಡುವ ಬೇರೆ ದಾರಿಯೇ ಇರಲಿಲ್ಲ.

ಸಂಘ ಹೂಡಿದ ಮೊಕದ್ದಮೆಯ ವಿಚಾರಣೆ ನಾಲ್ಕು ತಿಂಗಳು ನಡೆಯಿತು. ಅಂಬುಜಾಕ್ಷಿ ಸಾಕ್ಷಿ ಹೇಳಿದಳು. ಸಿರಪ್ಪು ತಯಾರಿಸಿದವರ ಮೇಲೆ ಪ್ರತ್ಯೇಕ ಮೊಕದ್ದಮೆ ಆಯಿತು. ಆಸ್ಪತ್ರೆಗಳಲ್ಲಿ ಸಾಂತ್ವನವನ್ನು ನಿಲ್ಲಿಸಿದರು. ಬಸ್ ನಿಲ್ದಾಣ, ತಾಲ್ಲೂಕು ಕಚೇರಿ, ನ್ಯಾಯಾಲಯಗಳಲ್ಲಿ ಪರಿಶೀಲಿಸಿ ಮುಂದುವರಿಸಬಹುದು ಎಂದರು. ಸಂಘದವರು ಅದರ ವಿರುದ್ಧ ಮತ್ತೆ ಅರ್ಜಿ ಹಾಕಿದ್ದಾರೆ. ರತ್ನಾಕರ್ ಬೇರೆ ಊರಿನ ಕೇಂದ್ರಕ್ಕೆ ಹೋದರು. ವನಮಾಲಾಳನ್ನು ಕೆಲಸದಿಂದ ತೆಗೆದರು. ಅವಳು ಈಗ ಅಕ್ಕನ ಶೆಡ್ಡಿನಲ್ಲಿ ನೂಲು ಸುತ್ತುತ್ತಾಳೆ.

ತೀರ್ಪು ಬಂದ ವಾರ ಅಕ್ಕತಂಗಿಯರು ಕ್ವಾರಿಗೆ ಹೋದರು. ಗಂಗಲಕ್ಷ್ಮಿ ಜಲ್ಲಿಯ ಗುಡ್ಡೆಯ ಪಕ್ಕದಲ್ಲಿ ಕಲ್ಲು ಒಡೆಯುತ್ತಿದ್ದಳು. ಸುತ್ತಿಗೆ ಕೆಳಗಿಟ್ಟು ಎದ್ದು ಬಂದಳು. ವಿಚಾರಣೆಗೆ ಅವಳನ್ನು ಎರಡು ಸಲ ಕರೆಸಿದ್ದರು. ಅಲ್ಲಿ ಆಡಿದ ಮಾತು ಒಂದೂ ತನಗೆ ಅರ್ಥವಾಗಲಿಲ್ಲ ಎಂದಳು.

"ನೀನು ಓದ್ದೋಳು," ಎಂದಳು ವನಮಾಲಾಗೆ. "ಅವತ್ತು ಟೀವೀಲಿ ಆ ದೊಡ್ಡ ಮನುಷ್ಯ ಏನಂದ? ಇದ್ದಿದ್ ಇದ್ದಂಗೆ ಹೇಳು."

ವನಮಾಲಾ ಬಾಯಿ ತೆರೆದಳು. ನಾಲಿಗೆಗೆ ಮೊದಲು ಬಂದದ್ದು 'ಎಚ್ಚರಿಕೆ' ಎಂಬ ಪದ, ಆಮೇಲೆ 'ದೋಷ'. ಎರಡನ್ನೂ ನುಂಗಿದಳು. ಪಕ್ಕದಲ್ಲಿ ಅಂಬುಜಾಕ್ಷಿ ಅವಳ ತುಟಿಯನ್ನೇ ನೋಡುತ್ತಿದ್ದಳು.

"ಈ ಔಷಧೀಲಿ ವಿಷ ಇದೆ ಅಂದ. ಒಂದು ಹನಿಯೂ ಕೊಡಬೇಡಿ ಅಂದ. ನಾಲ್ಕು ಮಕ್ಕಳು ಸತ್ತಿದ್ದಾರೆ ಅಂದ."

"ಮೂರು ಮಾತು."

"ಮೂರೇ ಮಾತು."

"ಅಷ್ಟನ್ನ ಬರಿಯಾಕೆ ಆಗ್ಲಿಲ್ವಾ ನಿಮ್ಗೆ?"

"ಸರಿಯಾಗೇ ಬರ್ದು ಬಂದಿತ್ತು. ನಾನು ಮೊದಲೇ ಒಂದು ಪಟ್ಟಿ ಮಾಡಿಕೊಟ್ಟಿದ್ದೆ, ಯಾವ ಮಾತಿಗೆ ಯಾವ ಮಾತು ಹಾಕ್ಬೇಕು ಅಂತ. ಅದರಿಂದ ಕಲಿತು ಯಂತ್ರ ಬದಲಾಯಿಸ್ತು. ಜನಕ್ಕೆ ಗಾಬರಿ ಆಗಬಾರದು ಅಂತ."

"ನಂಗೆ ಗಾಬರಿ ಆಗ್ಬೇಕಾಗಿತ್ತು ಕಣಮ್ಮ," ಎಂದಳು ಗಂಗಲಕ್ಷ್ಮಿ.

ಕಲ್ಲಿನ ಧೂಳು ಕಟ್ಟಿದ್ದ ಗಂಟಲನ್ನು ಕ್ಯಾಕರಿಸಿ ಅವಳು ವನಮಾಲಾಳ ಕಾಲ ಮೇಲೆ ಉಗಿದಳು. ಆಮೇಲೆ ಅಂಬುಜಾಕ್ಷಿಯ ಕಡೆ ತಿರುಗಿ, ಅವಳಿಗೆ ಕಾಣುವಂತೆ ಬಾಯಿ ಅಗಲ ಮಾಡಿ, "ನೀನು ಒಳಗೆ ಬಾ ಅಕ್ಕ, ನೀರು ಕುಡಿವಂತೆ" ಎಂದು ಅವಳ ಕೈ ಹಿಡಿದು ತಗಡಿನ ಗುಡಿಸಲಿಗೆ ಕರೆದುಕೊಂಡು ಹೋದಳು.

ವನಮಾಲಾ ಹೊರಗೆ ಬಿಸಿಲಲ್ಲಿ ಒಂದು ಕಲ್ಲಿನ ಮೇಲೆ ಕೂತಳು. ಕಾಲನ್ನು ಒರೆಸಿಕೊಳ್ಳಲಿಲ್ಲ. ಅಕ್ಕ ಹೊರಗೆ ಬರುವವರೆಗೂ ಹಾಗೇ ಕೂತಿದ್ದಳು.